ಮನೆ ಓದಿದರೆ ಮಕ್ಕಳು ಓದುತ್ತಾರೆ

ಈಗಿನ ಹುಡುಗರು ಓದುವುದನ್ನೇ ಬಿಟ್ಟಿದ್ದಾರೆ ಎಂಬ ದೂರು ಶಾಲೆಯ ವಾರ್ಷಿಕೋತ್ಸವದಿಂದ ಸಾಹಿತ್ಯ ಸಮ್ಮೇಳನದವರೆಗೆ ಎಲ್ಲ ವೇದಿಕೆಗಳಲ್ಲೂ ಕೇಳಿಬರುತ್ತದೆ. ದೂರಿನಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಅದಕ್ಕೆ ಒಂದು ಊಹೆಯೂ ಅಂಟಿಕೊಂಡಿದೆ. ಹಿಂದಿನ ಕಾಲದ ಮಕ್ಕಳು ತಾವಾಗಿಯೇ ಪುಸ್ತಕ ಹಿಡಿದು ಕೂರುತ್ತಿದ್ದರು, ಆ ಗುಣ ಈಗಿನವರಲ್ಲಿ ಬತ್ತಿಹೋಯಿತು ಎಂಬ ಊಹೆ ಅದು. ಈ ಊಹೆಗೆ ಆಧಾರವಿದೆಯೇ ಎಂದು ತಿಳಿಯಲು ಕನ್ನಡ ನಾಡಿನ 19ನೆಯ ಶತಮಾನಕ್ಕೂ ಅದರ ಹಿಂದಕ್ಕೂ ಹೋಗಿ ನೋಡಬೇಕು. ಅಲ್ಲಿ ಸಿಗುವ ಚಿತ್ರವೇ ಬೇರೆ. ಓದು ಇದ್ದ ಮನೆಗಳಲ್ಲಿ ಅದು ಮಕ್ಕಳಿಗೆ ವಹಿಸಿಬಿಟ್ಟ ಕೆಲಸವಾಗಿರಲಿಲ್ಲ. ಹಿರಿಯರು ಗಟ್ಟಿಯಾಗಿ ಓದುತ್ತಿದ್ದರು, ಓದಿದ್ದಕ್ಕೆ ಅರ್ಥ ಹೇಳುತ್ತಿದ್ದರು, ಮನೆಮಂದಿಯ ಜೊತೆ ನೆರೆಹೊರೆಯವರೂ ಕೂತು ಕೇಳುತ್ತಿದ್ದರು. ಮಕ್ಕಳು ಆ ಕೂಟದ ನಡುವೆ ಬೆಳೆದು ಓದುಗರಾಗುತ್ತಿದ್ದರು. ನಾವು ಕಳೆದುಕೊಂಡಿರುವುದು ಮನೆಯ ಆ ವಾಡಿಕೆಯನ್ನು ಎಂಬುದು ಈ ಲೇಖನದ ವಾದ. ವಾದ ಸರಿಯಾದರೆ ದೂರನ್ನು ಮಕ್ಕಳ ಮೇಲೆ ಹೊರಿಸುವುದನ್ನು ಬಿಟ್ಟು ದೊಡ್ಡವರು ತಮ್ಮ ಸಂಜೆಗಳನ್ನು ಪರೀಕ್ಷಿಸಿಕೊಳ್ಳಬೇಕಾಗುತ್ತದೆ.

ಮೊದಲು ದಾಖಲೆಯಿಂದ ಶುರುಮಾಡೋಣ. 1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಪ್ರಾಂತದ ಎಲ್ಲ ಜಿಲ್ಲೆಗಳಲ್ಲಿ ಶಾಲೆಗಳೆಷ್ಟು, ಕಲಿಯುವವರು ಯಾರು, ಏನನ್ನು ಕಲಿಯುತ್ತಾರೆ ಎಂದು ವಿಚಾರಣೆ ಮಾಡಿಸಿದ. 1823ರ ಆಗಸ್ಟ್‌ನಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಕಳಿಸಿದ ವರದಿ ಈ ಮಾಲೆಯಲ್ಲೇ ಬಹಳ ವಿವರವಾದದ್ದು. ಜಿಲ್ಲೆಯಲ್ಲಿದ್ದ ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಮಿಕ್ಕವು ಮರಾಠಿ, ಪಾರಸಿ, ತಮಿಳು, ಇಂಗ್ಲಿಷ್ ಮತ್ತು ಶಾಸ್ತ್ರವಿದ್ಯೆಗಳಿಗೆ ಸೇರಿದವು. ಜನಸಂಖ್ಯೆ ಒಂಬತ್ತೂಕಾಲು ಲಕ್ಷ ದಾಟಿದ್ದರೂ ಕಲಿಯುತ್ತಿದ್ದವರು 6,641 ಮಂದಿ ಮಾತ್ರ. ಸಾವಿರ ಜನಕ್ಕೆ ವಿದ್ಯಾರ್ಥಿಗಳು ಏಳರ ಸುಮಾರು. ಹಿಂದೆ ಶಾಲೆಗಳಿದ್ದ ಎಷ್ಟೋ ಊರುಗಳಲ್ಲಿ ಈಗ ಒಂದೂ ಉಳಿದಿಲ್ಲ ಎಂದು ಕಲೆಕ್ಟರನೇ ಬರೆದ. ಯುರೋಪಿನ ಬಟ್ಟೆ ಬಂದು ಇಲ್ಲಿಯ ನೇಕಾರರ ಕೈ ಬರಿದಾದದ್ದೂ ನಾಡು ಒಟ್ಟಾರೆ ಬಡವಾದದ್ದೂ ಇದಕ್ಕೆ ಕಾರಣವೆಂದು ಒಪ್ಪಿಕೊಂಡ. ಹಿಂದಿನ ಕಾಲದಲ್ಲಿ ಮಕ್ಕಳೆಲ್ಲ ಓದುತ್ತಿದ್ದರು ಎಂಬ ಊಹೆ ಈ ಒಂದು ವರದಿಯ ಮುಂದೆಯೇ ನಿಲ್ಲುವುದಿಲ್ಲ. ಓದುವ ಮಕ್ಕಳು ಅಂದು ವಿರಳ. ಅವರ ಓದಿನ ವರ್ಷಗಳು ಮನೆಯ ಬಡತನಕ್ಕೆ ತಕ್ಕಂತೆ ಮೊಟಕಾಗುತ್ತಿದ್ದವು.

ಶಾಲೆಗೆ ಹೋಗಿ ಕೂತ ಆ ಕೆಲವರ ಕಲಿಕೆ ಹೇಗಿತ್ತು ಎಂಬುದನ್ನೂ ವರದಿ ಹೇಳುತ್ತದೆ. ಐದನೆಯ ವರ್ಷಕ್ಕೆ ಮನೆಯಲ್ಲಿ ಗಣಪತಿ ಪೂಜೆ, ಅಕ್ಕಿಯಲ್ಲಿ ಬೆರಳಿನಿಂದ ಮೊದಲ ಬರಹ. ಆಮೇಲೆ ಐಗಳ ಮಠದಲ್ಲಿ, ಅಂದರೆ ಊರ ಗುರುಗಳ ಶಾಲೆಯಲ್ಲಿ, ಮರಳಿನ ಮೇಲೆ ಅಕ್ಷರ ತೀಡುವುದು. ಇದ್ದಿಲು ಬಳಿದ ಹಲಗೆ, ಗಂಜಿ ಹಾಕಿ ಮಡಿಸಿ ಕಪ್ಪು ಲೇಪ ಕೊಟ್ಟ ಬಟ್ಟೆಯ ಕಡತ, ಅದರ ಮೇಲೆ ಬರೆಯಲು ಬಳಪ. ಬರೆದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದಿತ್ತು. ಖರ್ಚು ಕಡಿಮೆಯಾದ ಈ ಏರ್ಪಾಡನ್ನೂ, ದೊಡ್ಡ ಹುಡುಗರಿಂದ ಚಿಕ್ಕವರಿಗೆ ಕಲಿಸುವ ಕ್ರಮವನ್ನೂ ಕ್ಯಾಂಪ್‌ಬೆಲ್ ಮನಸಾರೆ ಹೊಗಳಿದ. ಅವನ ಆಕ್ಷೇಪ ಇದ್ದದ್ದು ಓದಿನ ವಿಷಯದಲ್ಲಿ. ಪಾಠಕ್ಕೆ ಇಟ್ಟಿದ್ದು ರಾಮಾಯಣ, ಭಾರತ, ಭಾಗವತಗಳಂಥ ಪದ್ಯಗ್ರಂಥಗಳು. ಅವುಗಳ ಭಾಷೆ ಆಡುಮಾತಿಗಿಂತ ತೀರ ಬೇರೆ. ಹುಡುಗರು ಪದ್ಯಗಳನ್ನು ರಾಶಿರಾಶಿಯಾಗಿ ಒಪ್ಪಿಸುತ್ತಿದ್ದರು. ಅರ್ಥ ಮಾತ್ರ ಅವರಿಗೆ ಗೊತ್ತಿರಲಿಲ್ಲ, ಬಹುಪಾಲು ಐಗಳಿಗೂ ಗೊತ್ತಿರಲಿಲ್ಲ. ಅಕ್ಷರವೂ ನೆನಪಿನ ಶಕ್ತಿಯೂ ಮಠದಲ್ಲಿ ಸಿಗುತ್ತಿದ್ದವು, ಓದಿನ ಸಾರ ಸಿಗುತ್ತಿರಲಿಲ್ಲ ಎಂಬುದು ಅವನ ತೀರ್ಮಾನ.

ಹೊರಗಿನಿಂದ ಬಂದ ಅಧಿಕಾರಿಯ ಈ ಟೀಕೆಯಲ್ಲಿ ಸತ್ಯವಿದೆ, ಆದರೆ ಅರ್ಧ ಮಾತ್ರ. ಅವನು ಶಾಲೆಯನ್ನು ನೋಡಿದ, ಶಾಲೆ ಬಿಟ್ಟ ಮೇಲಿನ ಹೊತ್ತನ್ನು ನೋಡಲಿಲ್ಲ. ಮಠದಲ್ಲಿ ಅರ್ಥವಿಲ್ಲದೆ ಕಂಠಪಾಠವಾದ ಪದ್ಯಕ್ಕೆ ಅರ್ಥ ಕೂಡಿಕೊಳ್ಳಲು ಬೇರೆ ಜಾಗಗಳಿದ್ದವು. ಮನೆಯ ಪಡಸಾಲೆ, ಊರ ದೇವಸ್ಥಾನದ ಪ್ರಾಂಗಣ, ವೀರಶೈವ ಮಠದ ಪುರಾಣದ ಕಟ್ಟೆ, ಜೈನ ಬಸದಿ ಇವೆಲ್ಲ ಅಂಥವು. ಮನೆಯೊಳಗಿನ ಕಲಿಕೆ ಎಷ್ಟು ವ್ಯಾಪಕವಾಗಿತ್ತು ಎಂಬುದಕ್ಕೆ ಮನ್ರೋನ ಮಾತೇ ಸಾಕ್ಷಿ. 1826ರಲ್ಲಿ ಎಲ್ಲ ವರದಿಗಳನ್ನೂ ಕ್ರೋಡೀಕರಿಸಿ ಬರೆದ ಟಿಪ್ಪಣಿಯಲ್ಲಿ, ಮದರಾಸು ಪಟ್ಟಣದಲ್ಲಿ ಮನೆಯಲ್ಲೇ ಕಲಿಯುವವರ ಲೆಕ್ಕ ಶಾಲೆಯಲ್ಲಿ ಕಲಿಯುವವರ ಐದು ಪಟ್ಟಿಗೂ ಹೆಚ್ಚು ಎಂದು ಅವನು ಗುರುತಿಸಿದ. ಆ ಲೆಕ್ಕದಲ್ಲಿ ತಪ್ಪಿರಬಹುದು ಎಂಬ ಎಚ್ಚರವನ್ನೂ ಅವನೇ ಕೊಟ್ಟ. ಆದರೂ ಮನೆಯಲ್ಲಿ ಬಂಧುಗಳಿಂದಲೋ ಖಾಸಗಿ ಗುರುಗಳಿಂದಲೋ ಕಲಿಯುವ ಪದ್ಧತಿ ನಾಡಿನ ಯಾವ ಭಾಗದಲ್ಲೂ ಅಪರೂಪವಲ್ಲ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಶಾಲೆಯ ಹಾಜರಿಯನ್ನು ಮಾತ್ರ ಎಣಿಸಿದರೆ ಅಂದಿನ ಓದಿನ ದೊಡ್ಡ ಪಾಲು ಲೆಕ್ಕಕ್ಕೇ ಸಿಗುವುದಿಲ್ಲ.

ಮನೆಯಲ್ಲಿ ಓದುತ್ತಿದ್ದುದಾದರೂ ಏನನ್ನು? ಕನ್ನಡ ಕಾವ್ಯಗಳ ರಚನೆಯೇ ಇದಕ್ಕೆ ಉತ್ತರ ಕೊಡುತ್ತದೆ. ಕುಮಾರವ್ಯಾಸನೆಂದು ಹೆಸರಾದ ಗದುಗಿನ ನಾರಣಪ್ಪನ ಭಾರತ ಭಾಮಿನಿ ಷಟ್ಪದಿಯಲ್ಲಿದೆ, ತೊರವೆಯ ರಾಮಾಯಣವೂ ಹಾಗೆಯೇ. ಲಕ್ಷ್ಮೀಶನ ಜೈಮಿನಿ ಭಾರತ ವಾರ್ಧಕದಲ್ಲಿದೆ. ಆರು ಸಾಲಿಗೆ ಒಂದು ಘಟ್ಟ, ಘಟ್ಟಕ್ಕೊಂದು ನಿಲುಗಡೆ. ಓದುವವರು ರಾಗವಾಗಿ ಒಂದು ಪದ್ಯ ಮುಗಿಸಿ ನಿಲ್ಲಬಹುದು, ಪಕ್ಕದಲ್ಲಿ ಕೂತವರು ಅದಕ್ಕೆ ವ್ಯಾಖ್ಯಾನ ಹೇಳಬಹುದು. ವಾಚನಕ್ಕೊಬ್ಬರು, ವ್ಯಾಖ್ಯಾನಕ್ಕೊಬ್ಬರು ಎಂಬ ಗಮಕದ ಈ ಜೋಡಿ ಕ್ರಮವನ್ನು ಶಿಕ್ಷಣದ ದೃಷ್ಟಿಯಿಂದ ನಾವು ಸರಿಯಾಗಿ ಬೆಲೆಕಟ್ಟಿಲ್ಲ. ಹಳೆಯ ಮಾತಿನ ಕಾವ್ಯ ಕಿವಿಗೆ ಬೀಳುತ್ತಿದ್ದಂತೆಯೇ ಅದರ ಅರ್ಥ ಆಡುಮಾತಿನಲ್ಲಿ ಹಿಂದೆಯೇ ಬರುತ್ತಿತ್ತು. ಕ್ಯಾಂಪ್‌ಬೆಲ್ ಯಾವ ಕೊರತೆಯನ್ನು ಶಾಲೆಯಲ್ಲಿ ಕಂಡನೋ ಅದನ್ನು ತುಂಬುವ ವ್ಯವಸ್ಥೆ ಶಾಲೆಯ ಹೊರಗೆ ಇತ್ತು. ಅದಕ್ಕೆ ಕಾಲವೂ ಗೊತ್ತಾಗಿತ್ತು. ಶ್ರಾವಣ ಬಂತೆಂದರೆ ಪುರಾಣ ಹಚ್ಚುತ್ತಿದ್ದರು. ಭೀಮಕವಿಯ ಬಸವಪುರಾಣ, ವಿರೂಪಾಕ್ಷ ಪಂಡಿತನ ಚೆನ್ನಬಸವ ಪುರಾಣ ತಿಂಗಳಿಡೀ ನಡೆಯುತ್ತಿದ್ದವು. ಕರಾವಳಿಯಲ್ಲಿ ಮಳೆಗಾಲ ಬಯಲಾಟಗಳನ್ನು ನಿಲ್ಲಿಸಿದಾಗ ಮನೆಯ ಚಾವಡಿಯಲ್ಲಿ ತಾಳಮದ್ದಲೆ ಕೂರುತ್ತಿತ್ತು. ಪ್ರಸಂಗದ ಪದ್ಯಕ್ಕೆ ಅರ್ಥಧಾರಿಗಳು ಅಲ್ಲೇ ಮಾತು ಕಟ್ಟುತ್ತಿದ್ದರು. ಹೊಲದ ಕೆಲಸ ತೆರಪು ಕೊಟ್ಟ ಕಾಲಕ್ಕೆ ಓದು ಹೊಂದಿಕೊಂಡಿತ್ತು, ವರ್ಷವೂ ತಪ್ಪದೆ ಮರಳುತ್ತಿತ್ತು.

ಈ ಸಾಮೂಹಿಕ ಓದಿಗೆ ಭಕ್ತಿ ಎಷ್ಟು ಕಾರಣವೋ ಪುಸ್ತಕದ ಅಭಾವವೂ ಅಷ್ಟೇ ಕಾರಣ. ಓಲೆಗರಿಯನ್ನು ಹದಮಾಡಿ, ಕಂಟದಿಂದ ಕೊರೆದು, ಮಸಿ ತುಂಬಿ ಒಂದು ಭಾರತವನ್ನು ನಕಲು ಮಾಡುವುದು ತಿಂಗಳುಗಟ್ಟಲೆಯ ಕೆಲಸ. 10ನೆಯ ಶತಮಾನದ ಕೊನೆಯ ಹೊತ್ತಿಗೆ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ್ದು ಇಂದಿಗೂ ದೊಡ್ಡ ಸುದ್ದಿಯಾಗಿ ಉಳಿದಿರುವುದು ಆ ಕೆಲಸ ಅಷ್ಟು ಕಷ್ಟದ್ದಾದ್ದರಿಂದಲೇ. ಪ್ರತಿ ಮಾಡಿದವರು ಗ್ರಂಥದ ಕೊನೆಯಲ್ಲಿ ಇದನ್ನು ಎಣ್ಣೆಯಿಂದಲೂ ನೀರಿನಿಂದಲೂ ಕಾಪಾಡಿ ಎಂದು ಬೇಡಿಕೊಳ್ಳುತ್ತಿದ್ದರು. ಊರಿಗೆ ಒಂದೋ ಎರಡೋ ಕಟ್ಟು ಇರುವಲ್ಲಿ ಒಬ್ಬರು ಓದಿ ಹತ್ತು ಮಂದಿ ಕೇಳುವುದೇ ನ್ಯಾಯ. ಅಚ್ಚು ಬಂದ ಕೂಡಲೇ ಈ ಪದ್ಧತಿ ಅಳಿಯಲೂ ಇಲ್ಲ. ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ತೆರೆದರು. ಹರ್ಮನ್ ಮೊಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದ. 1850ರ ಆಸುಪಾಸಿನಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚಿಗೆ ತಂದ. ಹೀಗೆ ಮೊದಲ ಸುತ್ತಿನಲ್ಲಿ ಅಚ್ಚಾದ ಕನ್ನಡ ಕೃತಿಗಳಲ್ಲಿ ಮನೆ ಮಠಗಳಲ್ಲಿ ಆಗಲೇ ರಾಗವಾಗಿ ಓದುತ್ತಿದ್ದ ಕೃತಿಗಳಿಗೆ ದೊಡ್ಡ ಪಾಲಿತ್ತು. ಕೇಳುಗರೂ ಮುಂಚಿನಂತೆಯೇ ಇದ್ದರು. 1901ರ ಜನಗಣತಿಯಲ್ಲಿಯೂ ಭಾರತದಲ್ಲಿ ಅಕ್ಷರಸ್ಥರು ನೂರಕ್ಕೆ ಐದರ ಸುಮಾರು, ಹೆಂಗಸರಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಆ ಐದು ಮಂದಿಯ ದನಿಯಿಂದಲೇ ಸಾಹಿತ್ಯ ಮಿಕ್ಕವರನ್ನು ಮುಟ್ಟಬೇಕಿತ್ತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಇದೆಲ್ಲ ಕೇಳ್ಮೆಯಾಯಿತು, ಓದು ಹೇಗಾಯಿತು? ಪುರಾಣ ಕೇಳಿದ ಹುಡುಗನನ್ನು ಓದುಗ ಎನ್ನಬಹುದೇ? ಪ್ರಶ್ನೆ ನ್ಯಾಯವಾದದ್ದು. ಆದರೆ ಓದು ಎಂದರೆ ಒಬ್ಬರೇ ಮೂಲೆಯಲ್ಲಿ ಕೂತು ತುಟಿ ಆಡಿಸದೆ ಓದುವುದು ಎಂಬ ತಿಳಿವಳಿಕೆ ಈಚಿನದು. ಅಗ್ಗದ ಪುಸ್ತಕ, ಅಗ್ಗದ ಬೆಳಕು, ಬೇರೆ ಕೋಣೆ ಈ ಮೂರೂ ಕೂಡಿಬಂದ ಮೇಲೆ ಅದು ಎಲ್ಲರಿಗೂ ಸಾಧ್ಯವಾಯಿತು. ಅದಕ್ಕಿಂತ ಮುಖ್ಯವಾದದ್ದು, ಕೇಳ್ಮೆ ಮಕ್ಕಳಲ್ಲಿ ಮಾಡುವ ಕೆಲಸ. ಪದ್ಯ ಎಲ್ಲಿ ಒಡೆಯುತ್ತದೆ, ವಾಕ್ಯ ಎಲ್ಲಿ ಮುಗಿಯುತ್ತದೆ, ಮಾತಿನಲ್ಲಿ ಎಲ್ಲಿ ಒತ್ತು ಬೀಳುತ್ತದೆ ಎಂಬುದು ಕಿವಿಗೆ ಗೊತ್ತಿದ್ದ ಮಗು ಆಮೇಲೆ ಅದೇ ಪದ್ಯವನ್ನು ಗರಿಯಲ್ಲಿಯೋ ಹಾಳೆಯಲ್ಲಿಯೋ ಕಂಡಾಗ ಅಕ್ಷರಗಳನ್ನು ಕೂಡಿಸಿಕೊಂಡು ತಡವರಿಸಬೇಕಿಲ್ಲ. ಗೊತ್ತಿರುವ ಮಾತನ್ನು ಅದು ಗುರುತಿಸುತ್ತದೆ. ಪದಸಂಪತ್ತು ಆಡುಮಾತಿನ ಎಲ್ಲೆ ದಾಟುವುದೂ ಹೀಗೆಯೇ. ಅಡುಗೆಮನೆ, ಹೊಲ, ಸಂತೆಗಳ ಮಾತಿನಲ್ಲಿ ಬಾರದ ಸಾವಿರ ಪದಗಳು ಕಾವ್ಯದಲ್ಲಿ ಬರುತ್ತವೆ, ವ್ಯಾಖ್ಯಾನದಲ್ಲಿ ಬಿಡಿಸಿಕೊಳ್ಳುತ್ತವೆ. ಈಗಿನ ಎಷ್ಟೋ ಮಕ್ಕಳು ಕನ್ನಡದ ಒಂದು ಪುಟವನ್ನು ತಪ್ಪಿಲ್ಲದೆ ಉಚ್ಚರಿಸಿಯೂ ಅದರಲ್ಲಿ ಏನಿದೆ ಎಂದು ಹೇಳಲಾರದೆ ನಿಲ್ಲುತ್ತಾರೆ. ಕ್ಯಾಂಪ್‌ಬೆಲ್ ಕಂಡ ಮಠದ ಹುಡುಗರ ಸ್ಥಿತಿಯೂ ಅದೇ. ಅಂದು ಆ ಕೊರತೆಯನ್ನು ನೀಗಲು ಮನೆಯಿತ್ತು, ಇಂದು ಟ್ಯೂಷನ್ ಇದೆ ಎಂಬುದಷ್ಟೇ ಅಂತರ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಈ ಓದಿನ ಕೂಟಗಳು ಮೇಲುಜಾತಿಯ, ಉಳ್ಳವರ ಮನೆಗಳವು. ಅವನ್ನು ಹೊಗಳುವುದೆಂದರೆ ಹೊರಗಿಟ್ಟವರನ್ನು ಮರೆಯುವುದು ಎಂಬುದು ಆ ಮಾತು. ಅದನ್ನು ಅರ್ಧ ತಿದ್ದಬೇಕು, ಅರ್ಧ ಪೂರ್ತಿಯಾಗಿ ಒಪ್ಪಬೇಕು. ತಿದ್ದಬೇಕಾದದ್ದು ಇಷ್ಟು: ಬಳ್ಳಾರಿಯ 6,641 ವಿದ್ಯಾರ್ಥಿಗಳಲ್ಲಿ ಬ್ರಾಹ್ಮಣ ಹುಡುಗರು 1,185, ವರದಿ ಶೂದ್ರರೆಂದು ಕರೆದವರು 2,998. ಕುಶಲಕರ್ಮಿ ಸಮುದಾಯದವರು ವಿಶ್ವಕರ್ಮ ಪುರಾಣವನ್ನೂ ಲಿಂಗಧಾರಿಗಳು ಬಸವಪುರಾಣ, ಗಿರಿಜಾಕಲ್ಯಾಣ, ರಾಘವಾಂಕನ ಕಾವ್ಯಗಳನ್ನೂ ಓದುತ್ತಿದ್ದರೆಂದು ಅದೇ ವರದಿ ಪಟ್ಟಿ ಮಾಡುತ್ತದೆ. ಪಂಚತಂತ್ರ, ಬೇತಾಳ ಪಂಚವಿಂಶತಿಯಂಥ ಕಥೆಗಳನ್ನೂ ಹಗುರ ಓದಿಗೆಂದು ಹೆಸರಿಸುತ್ತದೆ. ಓದು ಒಂದೇ ಜಾತಿಯ ಸೊತ್ತಾಗಿರಲಿಲ್ಲ. ಒಪ್ಪಬೇಕಾದದ್ದು ಇನ್ನೂ ದೊಡ್ಡದು. ಅಸ್ಪೃಶ್ಯರೆಂದು ದೂರವಿಟ್ಟ ಸಮುದಾಯಗಳ ಮಕ್ಕಳಿಗೆ ಐಗಳ ಜಗಲಿಯೂ ಪುರಾಣದ ಪಡಸಾಲೆಯೂ ಮುಚ್ಚಿದ್ದವು. ಅಕ್ಷರದಿಂದ ದೂರವಿಟ್ಟ ಜನ ಸುಮ್ಮನಿರಲಿಲ್ಲ. ಮಂಟೇಸ್ವಾಮಿ ಕಾವ್ಯವನ್ನು ನೀಲಗಾರರು, ಮಾದೇಶ್ವರನ ಕಾವ್ಯವನ್ನು ದೇವರಗುಡ್ಡರು ರಾತ್ರಿಯಿಡೀ ಹಾಡಿ ತಮ್ಮ ಮಹಾಕಾವ್ಯಗಳನ್ನು ತಾವೇ ಉಳಿಸಿಕೊಂಡರು. ಇದು ಅವರ ಶಕ್ತಿಯ ಸಾಕ್ಷಿ, ಹೊರಗಿಟ್ಟವರ ಅನ್ಯಾಯಕ್ಕೆ ಸಮರ್ಥನೆಯಲ್ಲ. ಆ ಅನ್ಯಾಯವನ್ನು ಮುಚ್ಚಿಟ್ಟು ಹಳೆಯ ಓದನ್ನು ಕೊಂಡಾಡುವ ಬರಹ ಪ್ರಾಮಾಣಿಕವಾಗಲಾರದು.

ಹೆಣ್ಣುಮಕ್ಕಳ ಪಾಡು ಇದಕ್ಕಿಂತ ಸ್ಪಷ್ಟ. ಬಳ್ಳಾರಿಯ ಆ 6,641ರಲ್ಲಿ ಹುಡುಗಿಯರು 60 ಮಾತ್ರ. ಅವರ ಪಾಲಿಗೆ ಮನೆಯೇ ಶಾಲೆ, ಕಿವಿಯೇ ಪುಸ್ತಕ. 17ನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ ಹದಿಬದೆಯ ಧರ್ಮವನ್ನು ಸಾಂಗತ್ಯದಲ್ಲಿ ಬರೆದದ್ದು, ಹಾಡಿ ಕೇಳಿಸಲು ಒಗ್ಗುವ ಆ ಮಟ್ಟಿನಲ್ಲಿ ಅದು ಹೆಂಗಸರ ನಡುವೆ ನಡೆಯಲೆಂದೇ. ಪತಿವ್ರತೆಗೆ ನಡತೆ ಹೇಳುವ ಆ ಪುಸ್ತಕದ ಒಳಗೇ ಹೆಣ್ಣನ್ನು ಕೀಳಾಗಿ ಕಾಣುವವರನ್ನು ಅವಳು ನೇರವಾಗಿ ಪ್ರಶ್ನಿಸಿದಳು. ಹೆಳವನಕಟ್ಟೆ ಗಿರಿಯಮ್ಮನ ಹಾಡುಗಳು ಬಾಯಿಂದ ಬಾಯಿಗೆ, ತಾಯಿಯಿಂದ ಮಗಳಿಗೆ ಹೋದವು. 1881ರಲ್ಲಿ ಅಂಬಿಲ್ ನರಸಿಂಹ ಅಯ್ಯಂಗಾರರ ಪ್ರಯತ್ನದಿಂದ ಮೈಸೂರಿನಲ್ಲಿ ಹುಡುಗಿಯರ ಶಾಲೆ ಆರಂಭವಾದ ಮೇಲೂ ಹೆಚ್ಚಿನ ಮನೆಗಳ ಹುಡುಗಿಯರಿಗೆ ಓದು ಸಿಕ್ಕರೆ ಮನೆಯೊಳಗೇ ಸಿಗಬೇಕಿತ್ತು. ನಂಜನಗೂಡು ತಿರುಮಲಾಂಬ ಬಾಲವಿಧವೆಯಾದಾಗ ತಂದೆಯ ಬೆಂಬಲ ಇಲ್ಲದಿದ್ದರೆ 1913ರಲ್ಲಿ ಸತಿ ಹಿತೈಷಿಣಿ ಗ್ರಂಥಮಾಲೆ ಹುಟ್ಟುತ್ತಿರಲಿಲ್ಲ. ಒಂದು ಮನೆ ಪುಸ್ತಕವನ್ನು ಹುಡುಗಿಯ ಕೈಗೆ ಕೊಟ್ಟಿತು. ಆಕೆ ನೂರಾರು ಮನೆಗಳ ಹೆಣ್ಣುಮಕ್ಕಳಿಗೆ ಪುಸ್ತಕ ಬರೆದುಕೊಟ್ಟರು. ಓದನ್ನು ಕೊಡುವ ಶಕ್ತಿಯೂ ತಡೆಯುವ ಶಕ್ತಿಯೂ ಮನೆಗೆ ಇತ್ತು ಎಂಬುದನ್ನು ಈ ಚರಿತ್ರೆ ತೋರಿಸುತ್ತದೆ.

ತಡೆಯುವ ಶಕ್ತಿಯ ಮಾತು ಬಂದಾಗ ಇನ್ನೊಂದು ಆಕ್ಷೇಪವನ್ನೂ ಎದುರಿಸಬೇಕು. ಎಲ್ಲರೂ ಕೂತು ಓದುವಾಗ ಏನನ್ನು ಓದಬೇಕೆಂದು ಹಿರಿಯರೇ ತೀರ್ಮಾನಿಸುತ್ತಾರೆ. ಯುವಕ ಯುವತಿಯರಿಗೆ ಬೇಕಾದದ್ದು ತಮ್ಮ ಆಯ್ಕೆಯ ಓದು, ಅದು ಏಕಾಂತದಲ್ಲಿ ಮಾತ್ರ ಸಾಧ್ಯ ಎನ್ನುವವರಿದ್ದಾರೆ. ಇದಕ್ಕೆ ಯುರೋಪಿನ ಚರಿತ್ರೆಯೂ ಒತ್ತಾಸೆಯಾಗಿದೆ. ಅಲ್ಲಿ 18ನೆಯ ಶತಮಾನದಲ್ಲಿ ಹಿರಿಯರ ದೂರು ಈಗಿನದಕ್ಕೆ ತದ್ವಿರುದ್ಧವಾಗಿತ್ತು: ಎಳೆಯರು, ಅದರಲ್ಲೂ ಹುಡುಗಿಯರು, ಕಾದಂಬರಿಗಳನ್ನು ಅತಿಯಾಗಿ ಓದಿ ಕೆಡುತ್ತಿದ್ದಾರೆ ಎಂದು. 1774ರಲ್ಲಿ ಗಯಟೆಯ ವೆರ್ಟರ್ ಕಾದಂಬರಿ ಬಂದಾಗ ಲೈಪ್‌ಜಿಗ್ ನಗರ ಅದರ ಮಾರಾಟವನ್ನೇ ನಿಷೇಧಿಸಿತು. ಮನೆಮಂದಿಯ ಮುಂದೆ ಗಟ್ಟಿಯಾಗಿ ಓದಲು ಮುಜುಗರ ತರುವ ಮಾತುಗಳನ್ನೆಲ್ಲ ಕಿತ್ತು ಬೌಡ್ಲರ್ ಕುಟುಂಬದವರು 1807ರಲ್ಲಿ ಇಂಗ್ಲೆಂಡಿನಲ್ಲಿ ಕುಟುಂಬದ ಷೇಕ್ಸ್‌ಪಿಯರ್ ಅಚ್ಚುಹಾಕಿಸಿದರು. ನಮ್ಮಲ್ಲೂ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಮೇಲೆ, 1899ರಲ್ಲಿ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಒಬ್ಬ ಎಳೆಯ ವಿಧವೆಯ ವಿದ್ಯೆ ಮತ್ತು ಮರುಮದುವೆಯ ಕಥೆಯನ್ನು ಹೇಳಿದ ಮೇಲೆ, ಗಳಗನಾಥರು ಪುಸ್ತಕಗಳ ಹೊರೆ ಹೊತ್ತು ಊರೂರು ಅಲೆದು ಮಾರಿದ ಮೇಲೆ ಏಕಾಂತದ ಓದು ಬೆಳೆಯಿತು. ಅದು ಬಿಡುಗಡೆಯ ಓದು, ಅದನ್ನು ಯಾರೂ ಅಲ್ಲಗಳೆಯಬಾರದು. ಆದರೆ ಆ ಕಾದಂಬರಿಗಳನ್ನು ಬಚ್ಚಿಟ್ಟು ಓದಿದವರಿಗೂ ಓದುವ ರುಚಿ ಹತ್ತಿದ್ದು ಅದಕ್ಕೂ ಮೊದಲೇ, ದನಿಯಿದ್ದ ಮನೆಗಳಲ್ಲಿ. ಕೂಡಿ ಓದುವುದು ಹೊಸ್ತಿಲು. ಹೊಸ್ತಿಲು ದಾಟಿದ ಮಕ್ಕಳು ಎಲ್ಲಿಗೆ ಹೋಗಬೇಕೆಂದು ಅವರೇ ನಿರ್ಧರಿಸಲಿ. ಹೊಸ್ತಿಲೇ ಇಲ್ಲದ ಮನೆಯಲ್ಲಿ ಆಯ್ಕೆಯ ಸ್ವಾತಂತ್ರ್ಯದ ಮಾತಿಗೆ ಅರ್ಥವಿಲ್ಲ.

ಇನ್ನು ಎಲ್ಲರ ಬಾಯಲ್ಲೂ ಇರುವ ಆಕ್ಷೇಪ: ಅಂದು ಮೊಬೈಲ್ ಇರಲಿಲ್ಲ, ಬಿಡುವಿತ್ತು, ಇಂದು ಎರಡೂ ತಿರುವುಮುರುವು. ಬಿಡುವಿತ್ತು ಎಂಬುದು ನಿಜವಲ್ಲ. ಬಳ್ಳಾರಿಯ ವರದಿಯಲ್ಲೇ ಬಡ ತಂದೆತಾಯಿಗಳು ಸೇರಿಸಿದ ಐದೇ ವರ್ಷಕ್ಕೆ ಮಕ್ಕಳನ್ನು ಶಾಲೆ ಬಿಡಿಸುತ್ತಿದ್ದ ಸಂಗತಿಯಿದೆ. ದನ ಕಾಯುವುದು, ಮಗ್ಗದ ಮುಂದೆ ಕೂರುವುದು, ನೀರು ಸೌದೆ ತರುವುದು, ತಮ್ಮ ತಂಗಿಯರನ್ನು ಎತ್ತಿಕೊಳ್ಳುವುದು ಇವೆಲ್ಲ ಮಕ್ಕಳ ಪಾಲಿನ ಕೆಲಸಗಳಾಗಿದ್ದವು. ದೀಪದ ಎಣ್ಣೆಗೂ ಲೆಕ್ಕವಿತ್ತು. ಅಂಥ ಜೀವನದಲ್ಲೂ ಓದಿಗೆ ಜಾಗ ಸಿಕ್ಕಿದ್ದು ಅದಕ್ಕೊಂದು ಹೊತ್ತು ಗೊತ್ತಾಗಿದ್ದರಿಂದ, ಆ ಹೊತ್ತಿನಲ್ಲಿ ದೊಡ್ಡವರೂ ಅಲ್ಲೇ ಕೂರುತ್ತಿದ್ದರಿಂದ. ಮೊಬೈಲಿನ ಸೆಳೆತ ಹಿಂದಿನ ಯಾವ ಸೆಳೆತಕ್ಕಿಂತಲೂ ಬಲವಾದದ್ದು ಎಂಬುದನ್ನು ಒಪ್ಪೋಣ. ಅದು ಕೈಯಲ್ಲೇ ಇರುತ್ತದೆ, ದಣಿಯುವುದಿಲ್ಲ, ಒಂದು ಮುಗಿಯುವ ಮೊದಲೇ ಇನ್ನೊಂದನ್ನು ಮುಂದಿಡುತ್ತದೆ. ಆದರೆ ಆ ಸೆಳೆತ ಮಕ್ಕಳಿಗಷ್ಟೇ ಅಲ್ಲ. ಸಂಜೆ ಏಳರಿಂದ ಒಂಬತ್ತರವರೆಗೆ ತಂದೆ ತಾಯಿ ಅಜ್ಜ ಅಜ್ಜಿಯರೆಲ್ಲ ತಮ್ಮ ತಮ್ಮ ಪರದೆ ಹಿಡಿದು ಕೂತ ಮನೆಯಲ್ಲಿ ಹದಿಮೂರರ ಹುಡುಗಿಯೊಬ್ಬಳು ಮಾತ್ರ ಪುಸ್ತಕ ಹಿಡಿಯಬೇಕು ಎನ್ನುವುದು ಯಾವ ಶತಮಾನದಲ್ಲೂ ಯಾರೂ ಮಕ್ಕಳ ಮೇಲೆ ಹೊರಿಸದ ಭಾರ. ಹಿಂದಿನವರು ಮಕ್ಕಳಿಗೆ ಓದಲು ಹೇಳುವುದಕ್ಕಿಂತ ಹೆಚ್ಚಾಗಿ ಮಕ್ಕಳ ಎದುರು ತಾವೇ ಓದಿದರು.

ಆ ವಾಡಿಕೆ ಕಡಿದುಹೋದದ್ದಕ್ಕೆ ಮೊಬೈಲನ್ನೊಂದೇ ದೂರುವಂತೆಯೂ ಇಲ್ಲ. ಅದಕ್ಕೆ ಬಹಳ ಮೊದಲೇ ಓದು ಪರೀಕ್ಷೆಯ ಜೊತೆ ಕಟ್ಟುಬಿತ್ತು. ಅಕ್ಷರ ನೌಕರಿಗೆ ದಾರಿ ಎಂದಾದ ಮೇಲೆ ಓದುವುದೆಂದರೆ ಪಠ್ಯ ಓದುವುದು ಎಂಬ ಅರ್ಥ ಮನೆಗಳಲ್ಲಿ ನೆಲೆಸಿತು. ಮನೆ ತನ್ನ ಪಾಲಿನ ಕೆಲಸವನ್ನು ಶಾಲೆಗೆ ಒಪ್ಪಿಸಿ ಕೈತೊಳೆದುಕೊಂಡಿತು. ಶಾಲೆ ಎಲ್ಲರಿಗೂ ಬಾಗಿಲು ತೆರೆದದ್ದು ನಮ್ಮ ಕಾಲದ ಬಹಳ ದೊಡ್ಡ ಗೆಲುವು. ಶಾಲೆಯಲ್ಲಿ 60 ಹುಡುಗಿಯರಿದ್ದ ಬಳ್ಳಾರಿ ಜಿಲ್ಲೆಯಲ್ಲಿ ಇಂದು ಎಷ್ಟೋ ಊರುಗಳಲ್ಲಿ ಒಂದೊಂದರಲ್ಲೇ ಅದಕ್ಕಿಂತ ಹೆಚ್ಚು ಹುಡುಗಿಯರು ಶಾಲೆಯಲ್ಲಿದ್ದಾರೆ ಎಂದರೆ ಉತ್ಪ್ರೇಕ್ಷೆಯಾಗದು. ಆದರೆ ಶಾಲೆ ಅಕ್ಷರವನ್ನು ಕೊಟ್ಟಾಗ ಅರ್ಥವನ್ನೂ ಪ್ರೀತಿಯನ್ನೂ ಕೊಡುವ ಕೆಲಸ ಮನೆಯದಾಗಿಯೇ ಉಳಿದಿತ್ತು ಎಂಬುದನ್ನು ನಾವು ಮರೆತೆವು. ಗಮಕವೂ ಮನೆಯ ಪಡಸಾಲೆಯಿಂದ ಎದ್ದು ಸಭಾಂಗಣದ ವೇದಿಕೆ ಏರಿತು. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಸಂತೋಷದ ವಿಷಯ. ಆದರೆ ಒಂದು ಕಾಲಕ್ಕೆ ಸಾಧಾರಣ ಮನೆಗಳ ನಡೆಯಾಗಿದ್ದ ಓದು ಪ್ರಶಸ್ತಿ ಕೊಟ್ಟು ಕಾಪಾಡಬೇಕಾದ ಕಲೆಯಾಗಿದೆ ಎಂಬುದನ್ನೂ ಆ ಸುದ್ದಿಯ ಜೊತೆಗೇ ಗಮನಿಸಬೇಕು.

ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಕನ್ನಡ ಓದಲು ಬಾರದು, ಎಷ್ಟೋ ಮನೆಗಳಲ್ಲಿ ಹಿರಿಯರಿಗೇ ಅಕ್ಷರ ಬಾರದು, ಅಲ್ಲಿ ಇದೆಲ್ಲ ಹೇಗೆ ಎಂದು ಕೇಳಬಹುದು. ಹಳೆಯ ಕ್ರಮದ ಬಲ ಇರುವುದೇ ಇಲ್ಲಿ. ಮನೆಯಲ್ಲಿ ಓದಬಲ್ಲವರು ಒಬ್ಬರಿದ್ದರೆ ಸಾಕಾಗಿತ್ತು; ಅವರು ಹಿರಿಯರೇ ಆಗಬೇಕೆಂದಿರಲಿಲ್ಲ. ಶಾಲೆಗೆ ಹೋಗುವ ಮೊಮ್ಮಗಳು ಅಜ್ಜಿಗೆ ದಿನಪತ್ರಿಕೆಯ ಒಂದು ಸುದ್ದಿಯನ್ನೋ ಒಂದು ಕಥೆಯನ್ನೋ ಓದಿ ಹೇಳಬಹುದು, ಅಜ್ಜಿ ಗೊತ್ತಿರುವ ಮಾತಿಗೆ ಅರ್ಥವನ್ನೂ ಗೊತ್ತಿರುವ ಕಥೆಗೆ ಮುಂದಿನ ಭಾಗವನ್ನೂ ಸೇರಿಸಬಹುದು. ವಾಚನ ಒಬ್ಬರದು, ವ್ಯಾಖ್ಯಾನ ಇನ್ನೊಬ್ಬರದು. ಕನ್ನಡ ಅಕ್ಷರ ತಡವರಿಸುವ ನಗರದ ಮಕ್ಕಳಿಗೂ ರಾಜ್ಯದಾಚೆ, ದೇಶದಾಚೆ ನೆಲೆಸಿದ ಕನ್ನಡಿಗರ ಮಕ್ಕಳಿಗೂ ಮೊದಲು ಬೇಕಾದದ್ದು ಬರಹದ ಕನ್ನಡವನ್ನು ದೊಡ್ಡವರ ದನಿಯಲ್ಲಿ ಕೇಳುವ ಅವಕಾಶ. ಕಿವಿಗೆ ಹತ್ತದ ಭಾಷೆ ಕಣ್ಣಿಗೆ ಹತ್ತುವುದು ಕಷ್ಟ. ಕುಮಾರವ್ಯಾಸನಿಂದಲೇ ಶುರುಮಾಡಬೇಕೆಂಬ ಹಟವೂ ಬೇಡ. ಪಂಜೆಯವರ ಮಕ್ಕಳ ಕಥೆಗಳಿವೆ, ರಾಜರತ್ನಂ ಅವರ ಮಕ್ಕಳ ಪದ್ಯಗಳಿವೆ, ತೇಜಸ್ವಿಯವರ ಕಾಡಿನ ಕಥೆಗಳಿವೆ. ದೇವನೂರ ಮಹಾದೇವರ ಪುಸ್ತಕಗಳಿವೆ, ವೈದೇಹಿಯವರ ಮಕ್ಕಳ ನಾಟಕಗಳಿವೆ. ಹಿಂದಿನವರು ಕೂಟದಿಂದ ಹೊರಗಿಟ್ಟಿದ್ದ ದನಿಗಳೆಲ್ಲ ಇಂದು ಅಚ್ಚಾದ ಪುಸ್ತಕಗಳಲ್ಲಿ ಸಿಗುತ್ತವೆ. ಕ್ರಮವನ್ನು ಹಳೆಯದರಿಂದ ತೆಗೆದುಕೊಂಡು ಬಾಗಿಲನ್ನು ಎಲ್ಲರಿಗೂ ತೆರೆದಿಡುವುದು ನಮ್ಮ ಕೈಯಲ್ಲಿದೆ.

ಪುಸ್ತಕ ಕೊಳ್ಳುವ ಶಕ್ತಿ ಇಲ್ಲದ ಮನೆಗಳ ಹೊಣೆ ಸರ್ಕಾರದ ಮೇಲಿದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ನಾವೆಲ್ಲ ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಅದು ತಡವಿಲ್ಲದೆ ಪೂರ್ತಿಯಾಗಿ ಗ್ರಂಥಾಲಯಗಳಿಗೇ ತಲುಪಬೇಕು. 2020ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಓದುವ ಬೆಳಕು ಕಾರ್ಯಕ್ರಮ ಶುರುವಾಗಿ ಹಳ್ಳಿಯ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಅರಿವು ಕೇಂದ್ರಗಳೆಂದು ಕರೆಯುವ ಆ ಗ್ರಂಥಾಲಯಗಳು ಮಕ್ಕಳು ಪುಸ್ತಕವನ್ನು ಮನೆಗೆ ಒಯ್ಯಲು ಧಾರಾಳವಾಗಿ ಬಿಡಬೇಕು, ಹರಿದರೆ ದಂಡ ಹಾಕುವ ಭಯ ಹುಟ್ಟಿಸಬಾರದು. ಓದಿಸುವ ಶಿಕ್ಷಕರೂ ಮನೆಗೆಲಸದಲ್ಲಿ ಪ್ರಶ್ನೋತ್ತರ ಬರೆಸುವ ಬದಲು ವಾರಕ್ಕೊಮ್ಮೆಯಾದರೂ ಮನೆಯವರಿಗೆ ಒಂದು ಪುಟ ಓದಿ ಹೇಳಿ ಬನ್ನಿ ಎಂದು ಕಳಿಸಬಹುದು. ಉಳಿದದ್ದು ತಂದೆತಾಯಂದಿರ ಕೆಲಸ. ಮಕ್ಕಳು ಓದುವುದಿಲ್ಲ ಎಂದು ಇನ್ನೊಬ್ಬರ ಮುಂದೆ ಹೇಳುವ ಮೊದಲು, ತಮ್ಮ ಮಕ್ಕಳ ಕಿವಿಗೆ ಬೀಳುವಂತೆ ತಾವು ಕೊನೆಯ ಸಲ ಏನನ್ನು ಓದಿದೆವು ಎಂದು ಪ್ರತಿಯೊಬ್ಬರೂ ಕೇಳಿಕೊಳ್ಳಲಿ. ಉತ್ತರ ಸಿಗದಿದ್ದರೆ ಇವತ್ತೇ ರಾತ್ರಿ ಊಟವಾದ ಮೇಲೆ ಟಿವಿ ಆರಿಸಿ, ಮನೆಯಲ್ಲಿ ಇರುವ ಯಾವುದಾದರೂ ಒಂದು ಪುಸ್ತಕ ತೆಗೆದು ಹದಿನೈದು ನಿಮಿಷ ಗಟ್ಟಿಯಾಗಿ ಓದಲಿ.